ಕೊನೆಯ ಹಬೆ

ಕ್ರಿಸ್‌ಮಸ್‌ನ ಹಿಂದಿನ ದಿನ ಆ ಮನೆಯಲ್ಲಿ ಯಾರು ಏನು ಮಾಡಬೇಕು ಎನ್ನುವುದು ಐಲಾ ಸೊಸೆಯಾಗಿ ಬರುವುದಕ್ಕೆ ಎಷ್ಟೋ ಮೊದಲೇ ತೀರ್ಮಾನವಾಗಿ ಹೋಗಿತ್ತು. ಬೆಳಿಗ್ಗೆ ಹಾಲಿನಲ್ಲಿ ಬೇಯಿಸಿದ ಅಕ್ಕಿ ಗಂಜಿ. ಮಧ್ಯಾಹ್ನ ರೇಡಿಯೋದಲ್ಲಿ ತುರ್ಕು ನಗರದಿಂದ ಕ್ರಿಸ್‌ಮಸ್ ಶಾಂತಿಯ ಘೋಷಣೆ. ಅದು ಮುಗಿಯುವ ತನಕ ಯಾರೂ ಕುರ್ಚಿ ಕೂಡ ಎಳೆಯುವಂತಿಲ್ಲ. ಆಮೇಲೆ ಚರ್ಚಿನ ಹಿಂದಿನ ಸಮಾಧಿಗಳಿಗೆ ಮೋಂಬತ್ತಿ. ಅಲ್ಲಿಂದ ಬಂದ ಮೇಲೆ ಸೌನಾ, ಅಂದರೆ ಹಬೆಸ್ನಾನ. ಹಿತ್ತಲು ಇಳಿದು ಹೋದರೆ ಹೆಪ್ಪುಗಟ್ಟಿದ ಸರೋವರದ ದಂಡೆಯಲ್ಲಿ ಹೊಗೆ ಕುಡಿದು ಕಪ್ಪಾದ ಮರದ ಹಬೆಮನೆ. ಮೊದಲು ಗಂಡಸರು, ನಂತರ ಹೆಂಗಸರು. ಎಲ್ಲರ ಸ್ನಾನವಾದ ಮೇಲೆ ಮನೆಯ ಹಿರಿಯ ಹೆಂಗಸು ಒಬ್ಬಳೇ ಒಳಗೆ ನಿಂತು, ಒಲೆಯ ಮೇಲೆ ಕಾದು ಕೂತ ಕಲ್ಲುಗಳಿಗೆ ಒಂದು ಸೌಟು ನೀರು ಹಾಕಿ, "ಬನ್ನಿ, ಇನ್ನು ನಿಮ್ಮದು" ಎಂದು ಹೇಳಿ ಬಾಗಿಲು ಎಳೆದುಕೊಂಡು ಬರಬೇಕು. ಆ ಕೊನೆಯ ಹಬೆ ಆ ಮನೆಯಲ್ಲಿ ಸತ್ತವರದು. ಅದಾದ ಮೇಲೆ ಬೆಳಗಾಗುವವರೆಗೆ ಅತ್ತ ಯಾರೂ ಸುಳಿಯುವುದಿಲ್ಲ.

ಆ ವರ್ಷ ಐಲಾಗೆ ಹಬ್ಬದ ದಿನವೇ ಕೆಲಸ ಬಿತ್ತು. ಪೇಟೆಯ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವುದು ಅವಳ ಕೆಲಸ. ಹಬ್ಬವೆಂದರೆ ಅಲ್ಲಿ ಎಲ್ಲರಿಗೂ ಸ್ನಾನ ಬೇಕು, ಜೊತೆಯವಳು ಜ್ವರವೆಂದು ಮಲಗಿದ್ದಳು, ಹಿಮ ಸುರಿದು ಬಸ್ಸು ತಡ. ಅವಳು ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಸಂಜೆ ಐದಾಗಿತ್ತು. ಆ ದಿನಗಳಲ್ಲಿ ಸಂಜೆ ಐದೆಂದರೆ ಕಗ್ಗತ್ತಲು.

"ಹಿಮ ಹೊರಗೇ ಝಾಡಿಸಿ ಬಾ," ಎಂದಳು ಅತ್ತೆ ಸಾಯ್ಮಿ, ತಲೆ ಎತ್ತದೆ. ಹಂದಿತೊಡೆಯ ಸುತ್ತ ಬೇಯಿಸಿದ ಗೆಡ್ಡೆಗಳನ್ನು ಜೋಡಿಸುತ್ತಿದ್ದಳು. "ನಿನಗೋಸ್ಕರ ಎಲ್ಲರೂ ಹಸಕೊಂಡು ಕೂತಿದ್ದಾರೆ."

"ಒಂದು ಗಳಿಗೆ ಹಬೆಮನೆಗೆ ಹೋಗಿ ಬಂದುಬಿಡ್ತೀನಿ ಅತ್ತೆ. ಮೈಯೆಲ್ಲ ಔಷಧಿ ವಾಸನೆ."

"ಕೊನೆ ನೀರು ಹಾಕಿಯಾಯ್ತು."

"ಕಲ್ಲು ಇನ್ನೂ ಬಿಸಿ ಇರುತ್ತಲ್ಲ."

"ಬಿಸಿ ಇರೋದು ನಿನಗಲ್ಲ."

ಮಗಳು ವಿರ್ಪಿಗೆ ಹದಿನೈದು ವರ್ಷ, ಸುಮ್ಮನಿರುವ ವಯಸ್ಸಲ್ಲ. "ಅಜ್ಜಿ, ಮೇಲಿನ ಹಲಗೆ ಮೇಲೆ ಐದು ಜನ ಆರಾಮಾಗಿ ಕೂರಬಹುದು. ಅಮ್ಮನಿಗೆ ಕೊಂಚ ಸರಕೊಂಡು ಜಾಗ ಕೊಡ್ತಾರೆ ಬಿಡಿ."

"ಬಾಯಿ ಮುಚ್ಚು," ಎಂದಳು ಸಾಯ್ಮಿ. "ಅವರು ವರ್ಷಕ್ಕೆ ಒಂದೇ ಸಲ ಕೇಳೋದು."

"ನಾನು ಅಷ್ಟೂ ಕೇಳಿಲ್ಲ," ಎಂದಳು ಐಲಾ. ಅವಳ ದನಿ ತಾನಾಗಿಯೇ ಏರಿತು. "ಬೆಳಿಗ್ಗೆಯಿಂದ ಊರವರ ಬೆನ್ನು ಉಜ್ಜಿ ಬಂದಿದ್ದೀನಿ. ಸತ್ತೋರಿಗೆ ಈ ಮನೇಲಿ ಬಿಸಿನೀರಿದೆ, ದುಡಿಯೋಳಿಗಿಲ್ಲ!"

ಗಂಡ ತೈಸ್ತೊ ಮರದ ಲಾರಿ ಓಡಿಸುವವನು. ಇಬ್ಬರು ಹೆಂಗಸರ ನಡುವೆ ಮಾತು ಬೆಳೆದಾಗ ತಟ್ಟೆ ನೋಡುತ್ತ ಕೂರುವುದು ಅವನ ಪದ್ಧತಿ. ಆವತ್ತೂ ತಟ್ಟೆಯನ್ನೇ ನೋಡಿದ. ಐಲಾ ಟವೆಲ್ ಎಳೆದುಕೊಂಡು ಹಿತ್ತಲಿಗಿಳಿದಳು.

ಹಬೆಮನೆಯಲ್ಲಿ ದೀಪವಿರಲಿಲ್ಲ. ಕತ್ತಲು ಬೆಚ್ಚಗಿತ್ತು. ಅವಳು ಕೆಳಗಿನ ಹಲಗೆಯ ಮೇಲೆ ಕೂತು, ಮೊಣಕಾಲಿಗೆ ಹಣೆ ಕೊಟ್ಟು ಕಣ್ಣುಮುಚ್ಚಿದಳು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಹಿಂದೆ, ಮೇಲಿನ ಹಲಗೆ ಕಿರ್ರೆಂದಿತು. ಆಮೇಲೆ ಅವಳ ಕತ್ತಿನ ಮೇಲೆ ಸೋಪು ಹಚ್ಚಿದ ಒಂದು ಕೈ ಬಂತು.

ಅತ್ತೆಗೆ ಮನಸ್ಸು ಕರಗಿರಬೇಕು ಎಂದುಕೊಂಡಳು ಐಲಾ. ಜಗಳವಾಡಿದ ನಾಲಿಗೆಗೆ ನಾಚಿಕೆ, ಅದಕ್ಕೇ ಮಾತಿಲ್ಲ. ತಾನೂ ತಿರುಗಿ ನೋಡಲಿಲ್ಲ; ನೋಡಿದರೆ ಎಲ್ಲಿ ಎದ್ದು ಹೋಗುತ್ತಾಳೋ. ಒರಟು ಕೈ. ಹೆಗಲಿನಿಂದ ಸೊಂಟದವರೆಗೆ ಒಂದಿಂಚೂ ಬಿಡದೆ, ಅವಸರವಿಲ್ಲದೆ ಉಜ್ಜುತ್ತಿತ್ತು. ಅದರ ಕಿರುಬೆರಳು ಮಾತ್ರ ಉಳಿದ ಬೆರಳುಗಳ ಜೊತೆ ಮಡಚದೆ ಕಡ್ಡಿಯ ಹಾಗೆ ಪಕ್ಕದಲ್ಲಿ ಗೀರಿಕೊಂಡು ಬರುತ್ತಿತ್ತು. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ಯಾರೂ ಅವಳ ಬೆನ್ನು ಉಜ್ಜಿರಲಿಲ್ಲ. ಐಲಾಗೆ ಅಳು ಬಂತು. ಅಳುತ್ತಲೇ ಊದಿಕೊಳ್ಳುವ ಮಣಿಕಟ್ಟಿನ ಬಗ್ಗೆ ಹೇಳಿದಳು, ಬೆಳಿಗ್ಗೆ ಬಸ್ಸಿನಲ್ಲಿ ನಿಂತೇ ನಿದ್ದೆ ಹೋದದ್ದನ್ನು ಹೇಳಿದಳು. "ಸಾಕು ಅತ್ತೆ, ನಿಮ್ಮ ಕೈ ನೋಯುತ್ತೆ," ಎಂದಳು. ಕೈ ನಿಲ್ಲಲಿಲ್ಲ. ಕಡೆಗೆ, "ಮುಂದಿನ ಕ್ರಿಸ್‌ಮಸ್‌ಗೂ ಹೀಗೇ ಉಜ್ಜಿ ಅತ್ತೆ. ನಾನು ಬಂದೇ ಬರ್ತೀನಿ," ಎಂದಳು.

ಕೈ ನಿಂತಿತು. ಬೆನ್ನನ್ನು ಮೆಲ್ಲಗೆ ತಟ್ಟಿತು, ಒಪ್ಪಿಕೊಂಡವರ ಹಾಗೆ. ತಲೆಯ ಮೇಲಿಂದ ನೀರು ಇಳಿಯಿತು. ಐಲಾ ಕಣ್ಣೊರೆಸಿಕೊಂಡು ತಿರುಗಿದಾಗ ಹಲಗೆಯ ಮೇಲೆ ಯಾರೂ ಇರಲಿಲ್ಲ.

ಅವಳು ಒಳಗೆ ಬಂದಾಗ ಮೂವರೂ ಮೇಜಿನ ಮುಂದಿದ್ದರು. ಸಾಯ್ಮಿ ಮಾಂಸ ಹೆಚ್ಚುತ್ತಿದ್ದಳು.

"ನಿಮ್ಮಿಂದ ಉಪಕಾರವಾಯ್ತು ಅತ್ತೆ," ಎಂದಳು ಐಲಾ, ಒಂದು ರಾಜಿಯ ದನಿಯಲ್ಲಿ.

"ಯಾತರದ್ದು?"

"ಬಂದು ಬೆನ್ನು ಉಜ್ಜಿದಿರಲ್ಲ."

ಚಾಕು ಮಾಂಸದಲ್ಲೇ ನಿಂತಿತು. ವಿರ್ಪಿ ನಕ್ಕಳು. "ಅಮ್ಮಾ, ಅಜ್ಜಿ ಇಲ್ಲಿಂದ ಎದ್ದೇ ಇಲ್ಲ. ಅಪ್ಪ ಕದ್ದು ತಿನ್ನೋಕೆ ಕೈ ಹಾಕಿದಾಗೆಲ್ಲ ಚಮಚದಲ್ಲಿ ಹೊಡೀತಾ ಇದ್ಳು."

ನಗು ಬಹಳ ಹೊತ್ತು ಉಳಿಯಲಿಲ್ಲ. ತೈಸ್ತೊ ಟಾರ್ಚ್ ಹಿಡಿದು ಹೊರಗೆ ಹೋಗಿ ಬಂದ. ಹೊಸದಾಗಿ ಬಿದ್ದ ಹಿಮದ ಮೇಲೆ ಹೋದ ಹೆಜ್ಜೆಯೂ ಬಂದ ಹೆಜ್ಜೆಯೂ ಐಲಾಳದೇ, ಇನ್ನೊಬ್ಬರದು ಇರಲಿಲ್ಲ. "ಸುಸ್ತಾಗಿ ನಿದ್ದೆ ಹೋಗಿದೀಯ, ಕನಸು ಬಿದ್ದಿದೆ," ಎಂದು ಅವನೇ ತೀರ್ಪು ಕೊಟ್ಟು ಕೂತ.

ಸಾಯ್ಮಿ ಒಂದೇ ಒಂದು ಪ್ರಶ್ನೆ ಕೇಳಿದಳು. "ನೀನು ಅದರ ಜೊತೆ ಮಾತಾಡಿದ್ಯಾ?"

"ಇಲ್ಲ," ಎಂದಳು ಐಲಾ.

ಅತ್ತೆ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ತೊಡೆಯ ನಟ್ಟನಡುವಿನ ಮೆತ್ತನೆಯ ತುಂಡು ಕತ್ತರಿಸಿ ಸೊಸೆಯ ತಟ್ಟೆಗೆ ಹಾಕಿದಳು. ಆ ತುಂಡು ಯಾವಾಗಲೂ ತೈಸ್ತೊನದು. ಐಲಾಗೆ ಸಿಗುತ್ತಿದ್ದದ್ದು ಚರ್ಮದ ಕಡೆಯ ಅಂಚು.

"ತಿನ್ನು," ಎಂದಳು ಸಾಯ್ಮಿ.

ಮಾರನೆಯ ಬೆಳಿಗ್ಗೆ ಐಲಾ ಬಟ್ಟೆ ಬದಲಿಸುವಾಗ ತೈಸ್ತೊ ಅವಳ ಎರಡು ಹೆಗಲಿನ ನಡುವಿನಿಂದ ಏನೋ ಕಿತ್ತು ತೆಗೆದ. ಬರ್ಚ್ ಮರದ ಎಲೆ. ಹಬೆಮನೆಯಲ್ಲಿ ಮೈಗೆ ಬಡಿದುಕೊಳ್ಳಲು ಬೇಸಿಗೆಯಲ್ಲೇ ಬರ್ಚ್ ಸೊಪ್ಪಿನ ಕಟ್ಟು ಕಟ್ಟಿ ಒಣಗಿಸಿಡುವುದುಂಟು. ಆ ವರ್ಷದ್ದು ಬೂಷ್ಟು ಹಿಡಿದು ಎಲ್ಲವನ್ನೂ ಸುಟ್ಟುಹಾಕಿದ್ದರು. ಕಿಟಕಿಯಾಚೆ ಊರಿನ ಬರ್ಚ್‌ಗಳೆಲ್ಲ ಬೋಳಾಗಿ ಬಿಳಿ ಕಡ್ಡಿಗಳಂತೆ ನಿಂತಿದ್ದವು. ಇದು ಹಸಿ ಎಲೆ. ಮಡಚಿದರೆ ರಸ ಬರುತ್ತಿತ್ತು. ತೈಸ್ತೊ ಅದನ್ನು ಒಲೆಗೆ ಹಾಕಿದ, ಯಾರಿಗೂ ಹೇಳಲಿಲ್ಲ. ಐಲಾಳೂ ಹೇಳಲಿಲ್ಲ.

ಆಮೇಲೆ ಅತ್ತೆಯ ಒಳ್ಳೆಯತನ ಶುರುವಾಯಿತು.

ಐಲಾ ಕೆಲಸಕ್ಕೆ ಏಳುವ ಮೊದಲೇ ಸಾಯ್ಮಿ ಎದ್ದು ಕಾಫಿ ಕಾಯಿಸಿಡುತ್ತಿದ್ದಳು. ಪಾತ್ರೆಗೆ ಕೈ ಹಾಕಿದರೆ, "ಬಿಡು, ನಾನಿದ್ದೀನಲ್ಲ," ಎನ್ನುತ್ತಿದ್ದಳು. ಸೌದೆ ತರುವ ಬುಟ್ಟಿಯನ್ನು ಸೊಸೆಯ ಕೈಯಿಂದ ಕಸಿದುಕೊಳ್ಳುತ್ತಿದ್ದಳು. ರೊಟ್ಟಿ ದಪ್ಪವಾಯಿತು, ಪರದೆ ಸೊಟ್ಟಗಿದೆ, ಪೇಟೆಯವರ ಹಾಗೆ ನೀರು ಸುರಿಯುತ್ತೀಯ, ಈ ಯಾವ ಮಾತೂ ಇಲ್ಲ. ಊಟದ ಹೊತ್ತಿಗೆ ಕಣ್ಣು ತಪ್ಪಿಸಿ ಅವಳ ಮುಖವನ್ನು ನೋಡುತ್ತಿದ್ದಳು. ಐಲಾ ಹತ್ತಿರ ಬಂದರೆ ಮಾತ್ರ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದಳು, ಸೆರಗು ತಾಗದಂತೆ ಮಡಿಯವರು ಸರಿಯುವ ಹಾಗೆ. ಐಲಾಗೆ ಆ ನೋಟದ ಗುರುತಿತ್ತು. ವೃದ್ಧಾಶ್ರಮದಲ್ಲಿ ಕೊನೆಯ ಕೋಣೆಗೆ ಹಾಸಿಗೆ ಬದಲಾದವರನ್ನು ತಾನೂ ಹಾಗೆಯೇ ನೋಡುತ್ತಿದ್ದಳು. ಅವರು ಕೇಳಿದ ಸಕ್ಕರೆಯನ್ನು ಇಲ್ಲವೆನ್ನದೆ ಕೊಡುತ್ತಿದ್ದಳು.

"ನಿನ್ನಮ್ಮ ನನ್ನನ್ನ ಬೈಯೋದೇ ಬಿಟ್ಟುಬಿಟ್ಟಿದ್ದಾರೆ," ಎಂದಳು ಗಂಡನಿಗೆ.

"ಬೈದರೆ ಬೈದರು ಅಂತೀಯ. ಬೈಯದಿದ್ದರೆ ಅದಕ್ಕೂ ದೂರಾ?"

"ನಿನಗೆ ಗೊತ್ತಾಗ್ತಿಲ್ವಾ?"

"ನನಗೆ ಗೊತ್ತಾಗೋದು ಇಷ್ಟೇ. ಮನೇಲಿ ಗಲಾಟೆ ಇಲ್ಲ, ಊಟ ಸರಿಯಾಗಿ ಇಳೀತಿದೆ." ಆದರೆ ಹಾಗೆನ್ನುವಾಗ ಅವನೂ ಮೂಗು ಅರಳಿಸಿದ. ಎಷ್ಟು ಸಲ ಸ್ನಾನ ಮಾಡಿದರೂ ಅವಳ ಬೆನ್ನಿನಿಂದ ಬೇಸಿಗೆಯ ಹಸಿ ಬರ್ಚ್ ವಾಸನೆ ಹೋಗಿರಲಿಲ್ಲ.

ಒಂದು ಮಧ್ಯಾಹ್ನ ಬಸ್ಸಿಳಿದು ಬರುವಾಗ ಹಿತ್ತಲ ಹಗ್ಗದ ಮೇಲೆ ನಾರುಬಟ್ಟೆಯ ಉದ್ದನೆಯ ಬಿಳಿ ಹೊದಿಕೆ ಕಂಡಿತು. ಚಳಿಗೆ ಹಲಗೆಯ ಹಾಗೆ ಸೆಟೆದು ನಿಂತಿತ್ತು. ಮಾವ ಎಮೆಲಿ ಸತ್ತಾಗ ಹೆಣಕ್ಕೆ ಹೊದಿಸಲು ಅಂಥದ್ದೇ ಒಂದನ್ನು ಪೆಟ್ಟಿಗೆಯಿಂದ ತೆಗೆದಿದ್ದರು.

"ಯಾರಿಗತ್ತೆ ಅದು?"

"ಯಾರಿಗೂ ಅಲ್ಲ. ಪೆಟ್ಟಿಗೇಲಿ ಮುಗ್ಗಲು ವಾಸನೆ ಬಂದಿತ್ತು, ಗಾಳಿಗೆ ಹಾಕಿದೆ. ನೀನು ಒಳಗೆ ಬಾ, ಕಾಲು ಬೆಚ್ಚಗೆ ಮಾಡ್ಕೋ."

ವರ್ಷದ ಕೊನೆಯ ಸಂಜೆ ತವರ ಕರಗಿಸುವುದು ಮನೆಮನೆಯ ಆಟ. ಕುದುರೆ ಲಾಳದ ಆಕಾರದ ಪುಟ್ಟ ತವರದ ತುಂಡನ್ನು ಸೌಟಿನಲ್ಲಿಟ್ಟು ಒಲೆಯಲ್ಲಿ ಕರಗಿಸಿ ತಣ್ಣೀರಿಗೆ ಸುರಿಯಬೇಕು. ಹೆಪ್ಪುಗಟ್ಟಿದ ಗಟ್ಟಿಯ ನೆರಳನ್ನು ಗೋಡೆಯ ಮೇಲೆ ನೋಡಿ ಬರುವ ವರ್ಷದ ಫಲ ಹೇಳುವುದು ಹಿರಿಯರ ಕೆಲಸ. ತೈಸ್ತೊನ ತವರ ಒರಟೊರಟಾಗಿ ಬಂತು.

"ದುಡ್ಡು," ಎಂದಳು ಸಾಯ್ಮಿ.

"ಪ್ರತಿ ವರ್ಷಾನೂ ದುಡ್ಡೇ. ಬರೋದು ಮಾತ್ರ ಲಾರಿ ರಿಪೇರಿ," ಎಂದ ಅವನು.

ವಿರ್ಪಿಯದು ದೋಣಿಯ ಹಾಗಿತ್ತು. "ಪ್ರಯಾಣ. ಗಂಡು ಹುಡುಕಿಕೊಂಡು ಹೋಗ್ತೀಯೋ ಏನೋ."

"ಅಯ್ಯೋ ಅಜ್ಜಿ! ಈಗ ಅಮ್ಮಂದು."

"ತವರ ಮುಗೀತು," ಎಂದು ಸಾಯ್ಮಿ ಸೌಟು ಒರೆಸತೊಡಗಿದಳು.

"ಮುಗಿದಿಲ್ಲ ಅಜ್ಜಿ. ಇನ್ನೊಂದು ನಿಮ್ಮ ಏಪ್ರನ್ ಜೇಬಲ್ಲಿದೆ, ಈಗ ತಾನೇ ಹಾಕ್ಕೊಂಡಿರಿ."

ಸಾಯ್ಮಿ ಜೇಬಿನ ಮೇಲೆ ಕೈಯಿಟ್ಟುಕೊಂಡು, "ಅಮ್ಮನಿಗೆ ಸುಸ್ತಾಗಿದೆ. ಅವಳಿಗ್ಯಾಕೆ ಈ ಆಟ," ಎಂದಳು.

ಆ ಮಾತಿಗಿಂತ ಹೆಚ್ಚಾಗಿ ಐಲಾಗೆ ಚುಚ್ಚಿದ್ದು ಆಮೇಲಿನ ಮಾತುಗಳು. ಬೇಸಿಗೆಯಲ್ಲಿ ಆಲೂಗೆಡ್ಡೆ ಹಾಕುವುದರ ಬಗ್ಗೆ ಮಾತು ಬಂದಾಗ ಸಾಯ್ಮಿ, "ನಾನು, ತೈಸ್ತೊ, ವಿರ್ಪಿ ಸೇರಿದ್ರೆ ಎರಡು ದಿನದಲ್ಲಿ ಆಗುತ್ತೆ," ಎಂದಳು. ಲೆಕ್ಕದಲ್ಲಿ ಸೊಸೆಯಿರಲಿಲ್ಲ. ಬೇಕೆಂದು ಬಿಟ್ಟ ಹಾಗೂ ಇರಲಿಲ್ಲ.

ಹೊಸ ವರ್ಷದ ಎರಡನೆಯ ವಾರ ಐಲಾ ಒಂದು ಕೆಲಸ ಮಾಡಿದಳು. ಅತ್ತೆಯ ತವರುಮನೆಯಿಂದ ಬಂದ, ನೀಲಿ ಅಂಚಿನ ಕಾಫಿ ಜಗ್ಗನ್ನು ಅವಳೆದುರಿಗೇ ಕೈಬಿಟ್ಟಳು. ಅದು ನೆಲಕ್ಕೆ ಬಿದ್ದು ಚೂರಾಯಿತು. ಐಲಾ ಬೈಗುಳಕ್ಕಾಗಿ ಕಾದಳು. ಕೈಗೆ ಎಣ್ಣೆ ಸವರಿಕೊಂಡಿದ್ಯಾ ಅನ್ನಲಿ, ನಿಮ್ಮಮ್ಮ ಇದನ್ನೇ ಕಲಿಸಿದ್ಳಾ ಅನ್ನಲಿ, ಏನಾದರೂ ಅನ್ನಲಿ.

ಸಾಯ್ಮಿ ಬಗ್ಗಿ ಚೂರು ಆರಿಸಿದಳು. "ಪರವಾಗಿಲ್ಲ ಮಗಳೇ."

ಮಗಳೇ! "ಅತ್ತೆ, ಏನು ಅಂತ ಹೇಳಿಬಿಡಿ. ನಾನು ಸಾಯ್ತೀನಾ?"

"ಹಾಗೆಲ್ಲ ಮಾತಾಡಬಾರದು."

"ನೀವು ಮಾತಾಡ್ತಿಲ್ಲ, ಹೊದಿಕೆ ಒಣಗಿಸ್ತಿದ್ದೀರಿ."

ಸಾಯ್ಮಿ ಸ್ಟೂಲಿನ ಮೇಲೆ ಕೂತಳು. ಮಡಿಲಲ್ಲಿ ಜಗ್ಗಿನ ಚೂರುಗಳು. "ಬದುಕಿದೋರು ಒಬ್ಬರ ಬೆನ್ನು ಒಬ್ಬರು ಉಜ್ತಾರೆ. ನೀನು ನಂಗೆ, ನಾನು ನಿಂಗೆ. ತಿರುಗಿ ಉಜ್ಜದೆ ಸುಮ್ಮನೆ ತೊಳೆಸಿಕೊಂಡು ಬರೋರು ಆ ಹಬೆಮನೇಲಿ ಇಬ್ಬರೇ. ಒಂದು, ಆಗ ತಾನೇ ಹುಟ್ಟಿದ ಕೂಸು. ತೈಸ್ತೊನ ಅಲ್ಲೇ ಹೆತ್ತೆ. ಇನ್ನೊಂದು ಹೆಣ. ಎಮೆಲಿನ ಅಲ್ಲೇ ತೊಳೆದ್ವಿ. ನೀನು ಕೂಸಲ್ಲ."

"ಯಾರದು ಆ ಕೈ?"

"ನನಗೇನು ಗೊತ್ತು."

"ಕಿರುಬೆರಳು ಮಡಚ್ತಿರಲಿಲ್ಲ. ಕಡ್ಡಿ ಥರ ಇತ್ತು."

ಸಾಯ್ಮಿಯ ಮುಖದಲ್ಲಿ ಏನೋ ಕದಲಿತು. ಹೆದರಿಕೆಯಲ್ಲ, ಹೆದರಿಕೆಗಿಂತ ಹಳೆಯದು. "ಲೊವೀಸಾ," ಎಂದಳು. "ನನ್ನತ್ತೆ. ನಾರು ಬಡಿಯೋ ಕೊರಡಿಗೆ ಸಿಕ್ಕಿ ಮುರಿದ ಬೆರಳು." ಆಮೇಲೆ ಯಾರೋ ಕಪಾಳಕ್ಕೆ ಹೊಡೆದಂತೆ ಕೆಂಪಾದಳು. "ಅವಳು ಸಾಯೋ ತನಕ ಪ್ರತಿ ಶನಿವಾರ ಅವಳ ಬೆನ್ನು ಉಜ್ಜಿದೀನಿ. ಒಂದು ಸಲ, ಒಂದೇ ಒಂದು ಸಲ ನನ್ನ ಬೆನ್ನು ಮುಟ್ಟಿದ್ರೆ ಕೇಳು. 'ಪಕ್ಕದೂರಿನೋಳು, ಗೋಡೆಗೆ ಉಜ್ಜಿಕೋ' ಅಂತಿದ್ಳು. ಈಗ ಬಂದು ನಿನಗೆ ಉಜ್ಜಿದ್ಳಾ?"

"ನಾನು ಅವರ ಜೊತೆ ಮಾತಾಡಿದೆ ಅತ್ತೆ. ಆವತ್ತು ಸುಳ್ಳು ಹೇಳಿದೆ. ನೀವೇ ಅಂದ್ಕೊಂಡು, ಮುಂದಿನ ವರ್ಷಾನೂ ಬರ್ತೀನಿ ಅಂದುಬಿಟ್ಟೆ."

ಬಾಗಿಲ ಬಳಿ ಒಂದು ಉಸಿರು ಕೇಳಿಸಿತು. ವಿರ್ಪಿ ಶಾಲೆಯ ಚೀಲ ಹೆಗಲಲ್ಲೇ ಇಟ್ಟುಕೊಂಡು ನಿಂತಿದ್ದಳು. ಎಲ್ಲದಕ್ಕೂ ನಗುವ ಹುಡುಗಿ, "ಅಮ್ಮ ಮುಂದಿನ ವರ್ಷ ಅವರ ಜೊತೆ ಇರ್ತಾಳಾ ಅಜ್ಜಿ?" ಎಂದಳು. ಸಾಯ್ಮಿ ಇಲ್ಲವೆನ್ನಲಿಲ್ಲ. ಆ ದಿನ ಹುಡುಗಿ ಊಟ ಮುಟ್ಟಲಿಲ್ಲ. ಮಾರನೆಯ ದಿನ ಶಾಲೆಗೆ ಹೋಗಲಿಲ್ಲ; ತಾಯಿ ಕೆಲಸಕ್ಕೆ ಹೊರಟಾಗ ಕೋಟಿನ ತೋಳು ಹಿಡಿದು ನಿಂತುಬಿಟ್ಟಳು.

ತೋಳು ಬಿಡಿಸಿಕೊಳ್ಳುವಾಗಲೇ ಐಲಾ ನಿರ್ಧಾರ ಮಾಡಿದ್ದು.

"ಅತ್ತೆ, ನೂತ್ತಿ ದಿನ ಹಬೆಮನೆ ಕಾಯಿಸ್ತೀನಿ," ಎಂದಳು ಸಂಜೆ. ನೂತ್ತಿಯೆಂದರೆ ಜನವರಿಯ ನಡುವೆ ಕ್ರಿಸ್‌ಮಸ್ ಗಿಡವನ್ನು ಹೊರಗೆಸೆದು ಹಬ್ಬವನ್ನು ಗುಡಿಸಿ ಹಾಕುವ ದಿನ. "ನೀವು ಬರಬೇಕು. ಬಂದು ನನ್ನ ಬೆನ್ನು ಉಜ್ಜಬೇಕು."

"ಅವರು ತೊಳೆದ ಮೈನ ನಾನು ಮುಟ್ಟಲಾ?"

"ಇಷ್ಟು ವರ್ಷ ಮುಟ್ಟಲಿಲ್ವಲ್ಲ, ಆಗ ಯಾರು ತೊಳೆದಿದ್ರು?"

ತೈಸ್ತೊ ತಟ್ಟೆಯಿಂದ ತಲೆಯೆತ್ತಿದ. "ಹೋಗಮ್ಮ," ಎಂದ. ಆ ಮನೆಯಲ್ಲಿ ಅವನು ಒಬ್ಬರ ಪರವಾಗಿ ಮಾತಾಡಿದ್ದು ಅದೇ ಮೊದಲು.

ನೂತ್ತಿ ದಿನ ಮಧ್ಯಾಹ್ನದಿಂದಲೇ ಐಲಾ ಬರ್ಚ್ ಸೌದೆ ಹಾಕಿ ಒಲೆ ಉರಿಸಿದಳು. ಬೆಳಕು ಕಂದುವ ಹೊತ್ತಿಗೆ ಹೋಗಿ ಕೆಳಗಿನ ಹಲಗೆಯ ಮೇಲೆ ಕೂತಳು. ಕಿಟಕಿಯಲ್ಲಿ ಲಾಟೀನು ಇಟ್ಟಿದ್ದಳು. ಈ ಸಲ ಯಾರ ಕೈಯೆಂದು ನೋಡಬೇಕಿತ್ತು. ಕಾದಳು. ಮೇಲಿನ ಹಲಗೆ ಒಮ್ಮೆ ಕಿರ್ರೆಂದಿತು. ಆಮೇಲೆ ಹೊರಬಾಗಿಲು ದಡಾರೆಂದು ತೆರೆದು, ಕೆಮ್ಮುತ್ತ, ಗೊಣಗುತ್ತ ಸಾಯ್ಮಿ ಒಳಗೆ ಬಂದಳು.

"ಏನು ಉರಿ ಹಾಕಿದೀಯೆ, ಹಂದಿ ಸುಡೋಕಾ? ಸರಿ ಕೂತ್ಕೋ. ಸೋಪೆಲ್ಲಿ?"

ಅವಳ ಕೈ ಐಲಾಳ ಬೆನ್ನಿನ ಹತ್ತಿರ ಬಂದು ನಿಂತಿತು, ಒಲೆಯ ತಗಡನ್ನು ಮುಟ್ಟಿ ನೋಡುವವರ ಹಾಗೆ. ಮತ್ತೆ ಮುಂದೆ ಬಂದು ಹೆಗಲ ಮೇಲೆ ಕೂತಿತು. ಮೊದಲು ಮೆಲ್ಲಗೆ, ಆಮೇಲೆ ಸಿಟ್ಟಿನಿಂದ.

"ಇದೇನಿದು, ಬೆನ್ನೋ ರಸ್ತೆಯೋ? ಇಲ್ಲಿ ನೋಡು ಮಣ್ಣು. ಕತ್ತಿನ ಹತ್ತಿರ ಹಾಗೇ ಬಿಟ್ಟಿದ್ದಾಳೆ. ಲೊವೀಸಾಗೆ ಬದುಕಿದ್ದಾಗಲೂ ಅಷ್ಟೇ, ಮೇಲೆ ಮೇಲೆ ಗುಡಿಸೋದು ಬಿಟ್ರೆ ಇನ್ನೇನೂ ಬರ್ತಿರಲಿಲ್ಲ. ನೆಟ್ಟಗೆ ಕೂರು! ಕೆಲಸಕ್ಕೆ ಹೋಗೋಳು ಅಂತ ಇಷ್ಟು ಗೂನು ಮಾಡ್ಕೊಂಡಿದೀಯ. ಆ ನೀಲಿ ಜಗ್ಗು ಬೇಕಂತಲೇ ಒಡೆದೆ ತಾನೆ? ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ ಕತ್ತೆ?"

"ಹೌದತ್ತೆ," ಎಂದಳು ಐಲಾ. ನಗುವೂ ಅಳುವೂ ಒಟ್ಟಿಗೇ ಬಂತು.

ಒಲೆಯ ಕಲ್ಲುಗಳು ಚುಸ್ಸೆಂದವು. ಇಬ್ಬರೂ ನೀರು ಹಾಕಿರಲಿಲ್ಲ. ಸೌಟು ಐಲಾಳ ಕಾಲ ಬಳಿಯಿತ್ತು. ಬಿಸಿ ಹಬೆ ಚಾವಣಿಯಿಂದ ಇಳಿದು ಕಿವಿ ಸುಟ್ಟಿತು. ಸಾಯ್ಮಿಯ ಕೈ ಹೆಗಲಿನಿಂದ ಏಳಲಿಲ್ಲ.

"ಕೇಳಿಸ್ತು, ಕೇಳಿಸ್ತು," ಎಂದಳು ಅವಳು ಮೇಲಿನ ಹಲಗೆಯ ಕತ್ತಲಿಗೆ. "ಇವಳು ಬರ್ತೀನಿ ಅಂದದ್ದು ನಿನಗಲ್ಲ. ಅತ್ತೆ ಅಂದ್ಕೊಂಡು ಹೇಳಿದ ಮಾತು. ಇವಳತ್ತೆ ನಾನು. ಮುಂದಿನ ಕ್ರಿಸ್‌ಮಸ್‌ಗೆ ಇವಳ ಬೆನ್ನು ನಾನೇ ಉಜ್ತೀನಿ. ಇವಳೂ ನನ್ನದು ಉಜ್ತಾಳೆ. ನಮ್ಮ ಲೆಕ್ಕ ನಮಗಿದೆ, ನೀನು ಹೋಗು."

ಹಬೆ ಮೆಲ್ಲಗೆ ತಣಿಯಿತು. ಸಾಯ್ಮಿ ಸೊಸೆಯ ಬೆನ್ನಿಗೆ ನೀರು ಸುರಿದಳು, ಮತ್ತೊಂದು ಸಲ ಸುರಿದಳು, ಬಗ್ಗಿ ಮೂಸಿ ನೋಡಿದಳು. "ಹೋಯ್ತು ವಾಸನೆ. ಈಗ ಬರೀ ಸೋಪು." ಆಮೇಲೆ ಸುಸ್ತಾಗಿ ಪಕ್ಕಕ್ಕೆ ಸರಿದು, ಗೋಡೆಯತ್ತ ಮುಖ ಮಾಡಿ ಕೂತಳು. "ಈಗ ನನ್ನದು. ಬೇಗ ಮಾಡು, ತಲೆ ಸುತ್ತುತ್ತಿದೆ."

ಐಲಾ ಎದ್ದು ಬಕೆಟ್ಟಿನ ಬಳಿ ಬಗ್ಗಿದಳು. ಸೋಪು ಕೈಯಿಂದ ಜಾರಿ ನೀರಿನ ತಳಕ್ಕೆ ಇಳಿದಿತ್ತು. ಎರಡೂ ಕೈ ಹಾಕಿ ತಡಕಾಡತೊಡಗಿದಳು.

"ಆಹಾ," ಎಂದಳು ಸಾಯ್ಮಿ ಹಿಂದಿನಿಂದ. ಐಲಾ ಎಂದೂ ಕೇಳದಂಥ, ಸಣ್ಣ ಹುಡುಗಿಯ ದನಿ. "ಎಷ್ಟು ಚೆನ್ನಾಗಿ ಉಜ್ತೀಯೇ. ನಿಧಾನವಾಗಿ ಮಾಡು, ಅವಸರ ಇಲ್ಲ."

ಐಲಾ ತಿರುಗಿ ನೋಡಿದಳು. ಲಾಟೀನಿನ ಬೆಳಕಿನಲ್ಲಿ ಅತ್ತೆ ಕಣ್ಣುಮುಚ್ಚಿ, ತಲೆ ಬಗ್ಗಿಸಿ ಕೂತಿದ್ದಳು. ಅವಳ ಮುದಿ ಬೆನ್ನಿನ ತುಂಬ ಬಿಳಿ ನೊರೆ. ನೊರೆಯ ನಡುವೆ ಬೆರಳುಗಳ ಜಾಡು ಮೇಲಿನಿಂದ ಕೆಳಕ್ಕೆ ಮೂಡುತ್ತ ಬರುತ್ತಿತ್ತು. ಪಕ್ಕದಲ್ಲಿ, ಸ್ವಲ್ಪ ದೂರದಲ್ಲಿ, ಬೇರೆಯಾಗಿ ಒಂದು ಗೀರು.

"ನೀನೇ ತಾನೆ ಐಲಾ?" ಎಂದಳು ಸಾಯ್ಮಿ, ಕಣ್ಣು ತೆರೆಯದೆ.

ಐಲಾ ನೀರಿನಿಂದ ಕೈ ತೆಗೆದಳು. ಎರಡು ಹೆಜ್ಜೆ ಹೋಗಿ, ಆ ನೊರೆಯ ಮೇಲೆ, ಆ ಗೀರಿನ ಪಕ್ಕದಲ್ಲೇ ತನ್ನ ಎರಡೂ ಅಂಗೈಗಳನ್ನು ಊರಿ ಒತ್ತಿ ಉಜ್ಜತೊಡಗಿದಳು.

"ಹೂಂ ಅತ್ತೆ," ಎಂದಳು. "ನಾನೇ."